ಗಿರಣಿಯ ಮುಯ್ಯಿ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಸೂತಗಿರಣಿಯ ಚೇರ್ಮನ್ನರಾದ ಸಮ್ಮೇದ ಅವರೇ, ಚಿಕ್ಕೋಡಿಯಿಂದ ಬಿಸಿಲಲ್ಲಿ ಬಂದಿರುವ ಮುಖ್ಯ ಅತಿಥಿ ರಾಜೇಶ್ವರಿ ಮೇಡಮ್ಮನವರೇ, ನಮ್ಮ ಹಳೆಯ ಮ್ಯಾನೇಜರರಾದ ಶೀತಲ್ ಸಾಹೇಬರೇ, ನೂಲು ತೆಗೆಯುವ ರಿಂಗ್ ಫ್ರೇಮಿನ ನನ್ನ ಅಕ್ಕತಂಗಿಯರೇ, ಬ್ಲೋ ರೂಮಿನ ಅಣ್ಣತಮ್ಮಂದಿರೇ, ಚಹಾದ ಕೆಟಲಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಕೇಳುತ್ತಿರುವ ಕ್ಯಾಂಟೀನಿನವರೇ, ನೆರೆದ ಎಲ್ಲ ಸಭಿಕರೇ,

ನನ್ನ ದನಿ ದೊಡ್ಡದು. ಕ್ಷಮಿಸಬೇಕು. ಮದುವೆಯಾಗಿ ಅಕ್ಕೋಳಕ್ಕೆ ಬಂದ ಮರುವರ್ಷವೇ ಈ ಗಿರಣಿ ಸೇರಿದವಳು ನಾನು. ಅಲ್ಲಿಂದ ಇಲ್ಲಿಯವರೆಗೆ ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಮೆಲ್ಲಗೆ ಮಾತಾಡುವುದೇ ಮರೆತುಹೋಗಿದೆ. ಮೈಕಿನವರು ಬೇಕಾದರೆ ಮೈಕು ಬಂದ್ ಮಾಡಿ ಊಟಕ್ಕೆ ಹೋಗಬಹುದು.

ಇಂದು ಎರಡು ಕಾರ್ಯಕ್ರಮಗಳನ್ನು ಒಂದೇ ಹಾರದಲ್ಲಿ ಮುಗಿಸಿದ್ದೀರಿ. ಒಂದು, ಸುಂದರಾ ಎಂಬ ನನ್ನ ನಿವೃತ್ತಿ. ಇನ್ನೊಂದು, ನಮ್ಮ ಮುಯ್ಯಿ ನಿಧಿಯ ವಾರ್ಷಿಕ ಸಭೆ. ಆಮಂತ್ರಣ ಪತ್ರಿಕೆಯಲ್ಲಿ ನನ್ನನ್ನು 'ನಿಧಿಯ ಸಂಸ್ಥಾಪಕಿ' ಎಂದು ಅಚ್ಚು ಹಾಕಿಸಿದ್ದೀರಿ. ಓದಿ ನನಗೆ ನಗು ಬಂತು. ಸಂಸ್ಥಾಪಕರು ಎಂದರೆ ಯಾರು? ಮೊದಲು ಕೊಟ್ಟವರೋ, ಮೊದಲು ತೆಗೆದುಕೊಂಡವರೋ? ನನ್ನನ್ನು ಕೇಳಿದರೆ ಮೊದಲು ತೆಗೆದುಕೊಂಡವರು. ಕೊಡುವುದು ಸಲೀಸು. ಕೊಟ್ಟವರು ಎದೆ ಮುಂದೆ ಮಾಡಿ ನಡೆಯಬಹುದು. ತೆಗೆದುಕೊಳ್ಳುವುದಿದೆಯಲ್ಲ, ಅದಕ್ಕೆ ಧೈರ್ಯ ಬೇಕು. ಹಾಗೆ ಮೊದಲು ತೆಗೆದುಕೊಂಡವಳು ಅಲ್ಲಿ ಮುಂದಿನ ಸಾಲಿನಲ್ಲಿ ಹಸಿರು ಇಳಕಲ್ ಸೀರೆ ಉಟ್ಟು ಕೂತಿದ್ದಾಳೆ. ಮಲಕವ್ವಾ, ಕೇಳಿಸಾಕತ್ತೈತೇನ? ಕೈ ಆಡಿಸುತ್ತಿದ್ದಾಳೆ. ಅಂದರೆ ಕೇಳಿಸಿದೆ, ಸಾಕು ಮಾಡು ಎಂದು ಅರ್ಥ.

ಸಭಿಕರೇ, ಇಲ್ಲಿ ಅರ್ಧಕ್ಕರ್ಧ ಹೊಸ ಮುಖಗಳಿವೆ. ಪ್ರತಿ ತಿಂಗಳ ಪಗಾರದಲ್ಲಿ ಒಂದು ದಿನದ ಚಹಾ-ನಾಷ್ಟಾದ ದುಡ್ಡು ಮುಯ್ಯಿ ನಿಧಿಗೆ ಹೋಗುತ್ತದೆ ಎಂದು ಅವರಿಗೆ ಗೊತ್ತು. ಅದು ಎಲ್ಲಿಂದ ಹುಟ್ಟಿತು ಎಂದು ಗೊತ್ತಿಲ್ಲ. ಅದನ್ನು ಹೇಳಿ ಕೆಳಗಿಳಿಯುತ್ತೇನೆ.

ಕರೋಶಿಯ ಮಲಕವ್ವ ಈ ಗಿರಣಿಗೆ ಬಂದಾಗ ಬದಲಿ ಕೆಲಸಗಾರಳು. ಬದಲಿ ಎಂದರೆ ಕಾಯಂ ಆಗದವಳು. ಕಾಯಂ ಆದವರು ಬರದ ದಿನ ಅವರ ಯಂತ್ರಕ್ಕೆ ನಿಲ್ಲುವವಳು. ಅವಳ ಗಂಡ ಭೀಮಸಿ ಕುರಿ ಕಾಯುವವನು. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ರೈತರು ಕುರಿ ನಿಲ್ಲಿಸಿಕೊಳ್ಳುತ್ತಾರಲ್ಲ, ಹಾಗೆ ಒಂದು ಹೊಲದಿಂದ ಇನ್ನೊಂದಕ್ಕೆ ಹಿಂಡು ಹೊಡೆದುಕೊಂಡು ಹೋಗುವ ಬದುಕು ಅವನದು. ಮಲಕವ್ವ ಮಾತ್ರ ಅಲೆದಾಟ ಸಾಕೆಂದು ಗಿರಣಿ ಸೇರಿದಳು. ಕೈ ಎಷ್ಟು ಚುರುಕೆಂದರೆ, ತುಂಡಾದ ನೂಲಿನ ಎಳೆಯನ್ನು ನಾವು ನೋಡುವಷ್ಟರಲ್ಲಿ ಅವಳು ಕೂಡಿಸಿ ಮುಂದೆ ಹೋಗಿರುತ್ತಿದ್ದಳು. ಬಾಯಿಯೂ ಅಷ್ಟೇ ಚುರುಕು.

ನಾವಿಬ್ಬರೂ ಅಕ್ಕಪಕ್ಕದ ಯಂತ್ರದವರು. ಆದರೆ ಊಟಕ್ಕೆ ಕೂರುವಾಗ ಆಕೆ ಒಂದಿಷ್ಟು ದೂರ ಕೂರುತ್ತಿದ್ದಳು. ಕುಡಿಯುವ ನೀರನ್ನು ಮನೆಯಿಂದಲೇ ತಂಬಿಗೆಯಲ್ಲಿ ತರುತ್ತಿದ್ದಳು. ನಾನು ಯಾಕೆಂದು ಕೇಳಲಿಲ್ಲ. ಕಾರಣ ಗೊತ್ತಿದ್ದವರು ಕೇಳುವುದಿಲ್ಲ. ನಮ್ಮದು ದಲಿತ ಬೌದ್ಧರ ಓಣಿ. ಹುಟ್ಟಿದಾಗಿನಿಂದ ಇಂಥ ತಂಬಿಗೆಗಳನ್ನು ನೋಡಿದವಳು ನಾನು. ಇದನ್ನು ಇಂದು ಹೇಳಬಾರದಿತ್ತೇನೋ. ಹೇಳದಿದ್ದರೆ ಮುಂದಿನದು ನಿಮಗೆ ಪೂರ್ತಿ ತಿಳಿಯುವುದಿಲ್ಲ.

ಒಂದು ಮುಂಜಾನೆ ಮಲಕವ್ವ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಭೀಮಸಿ ಹಿಂಡನ್ನು ರಸ್ತೆ ದಾಟಿಸುವಾಗ ಕಬ್ಬಿನ ಲಾರಿಯೊಂದು ಬಂದು ನುಗ್ಗಿದೆ. ಎಷ್ಟೋ ಕುರಿಗಳು ಅಲ್ಲೇ ಸತ್ತಿವೆ. ಭೀಮಸಿಯ ಕಾಲು ತೊಡೆಯ ಹತ್ತಿರ ಮುರಿದಿದೆ. ಮಿರಜಿನ ದವಾಖಾನೆಗೆ ಒಯ್ದಿದ್ದಾರೆ.

ಈಗ ನೋಡಿ. ಗಂಡ ಮಿರಜಿನಲ್ಲಿ. ಉಳಿದ ಕುರಿ ನಮ್ಮ ಅಕ್ಕೋಳದ ಹೊಲದಲ್ಲಿ, ಹೇಳುವವರು ಕೇಳುವವರು ಇಲ್ಲದೆ. ಯಂತ್ರ ಇಲ್ಲಿ. ಒಬ್ಬ ಹೆಣ್ಣುಮಗಳು ಎಷ್ಟು ಕಡೆ ನಿಲ್ಲಬೇಕು? ಮೇಲಾಗಿ ಬದಲಿಯವರಿಗೆ ಆಗಿನ ನಿಯಮ ಬಿಗಿಯಾಗಿತ್ತು: ವಾರಕ್ಕಿಂತ ಹೆಚ್ಚು ಬಾರದಿದ್ದರೆ ಹೆಸರು ಹೋಗುತ್ತಿತ್ತು. ಮುಂದಿನ ತಿಂಗಳು ಆಕೆ ಕಾಯಂ ಆಗುವವಳಿದ್ದಳು.

ನಾನು ಶೀತಲ್ ಸಾಹೇಬರ ಕೋಣೆಗೆ ಹೋದೆ. ನನ್ನ ಹಿಂದೆ ಅಕ್ಕುತಾಯಿ ಬಂದಳು, ನಮ್ಮ ಪಾಳಿಯ ಹಿರಿಯಳು. ಈಗಿಲ್ಲ, ಪುಣ್ಯವಂತೆ.

"ಸಾಹೇಬ್ರ, ಮಲಕವ್ವನ ಹೆಸರ ತಗೀಬ್ಯಾಡ್ರಿ," ಎಂದೆ.

"ನಾ ಎಲ್ಲಿ ತಗೀತೀನಿ ಸುಂದರಾಬಾಯಿ? ನಿಯಮ ತಗೀತೈತಿ," ಎಂದರು.

"ಯಂತ್ರದ ಮುಂದ ಒಂದ ಜೀವ ನಿಂತ್ರ ಆತಲ್ರಿ? ಆಕಿ ಬರೂತನಾ ನಾವು ನಿಂದರ್ತೀವಿ. ವಾರದ ಸೂಟಿ ಐತಲ್ರಿ ನಮಗ, ಒಬ್ಬೊಬ್ಬರು ಒಂದೊಂದು ಸೂಟಿ ಕೊಡ್ತೀವಿ."

"ಹಾಜರಿ ಯಾರದ ಹಾಕ್ಲಿ?"

ಅಕ್ಕುತಾಯಿ ಹೇಳಿದಳು: "ಮಲಕವ್ವಂದ ಹಾಕ್ರಿ ಯಪ್ಪಾ. ನೂಲಿಗೇನ್ ಹೆಸರ ಗೊತ್ತಾಗ್ತೈತೇನ್ರಿ?"

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಕೂತರು. ಎಷ್ಟು ಹೊತ್ತು ಒರೆಸಿದರೆಂದರೆ ಗಾಜು ಸವೆದೀತೆಂದು ನನಗೆ ಭಯವಾಯಿತು. ಕೊನೆಗೆ, "ನಾ ಈ ವಾರ ಕನ್ನಡಕ ರಿಪೇರಿಗೆ ಕೊಟ್ಟೇನಿ ಅಂತ ತಿಳೀರಿ," ಎಂದರು. ಆ ರಿಪೇರಿ ಒಂದು ವಾರಕ್ಕೆ ಮುಗಿಯಲಿಲ್ಲ ಬಿಡಿ. ಈಗ ಅವರು ನಿವೃತ್ತರು, ಆದ್ದರಿಂದ ಹೇಳಬಹುದು. ಚೇರ್ಮನ್ನರು ಈ ಮಾತು ಕೇಳಿಸಿಕೊಂಡಿಲ್ಲವೆಂದು ನಂಬಿದ್ದೇನೆ.

ಯಂತ್ರದ್ದು ಬಗೆಹರಿಯಿತು. ಕುರಿಯದು?

ಇಲ್ಲಿ ನಮ್ಮ ಯಜಮಾನರ ಮಾತು ಬರುತ್ತದೆ. ಅವರು ಬದುಕಿರುವವರೆಗೆ ನಾನು ಅವರ ಹೆಸರು ಹೇಳಿದವಳಲ್ಲ. ಇಂದು ಹೇಳುತ್ತೇನೆ. ದಶರಥ. ಬ್ಲೋ ರೂಮಿನ ದಶರಥ, ಹತ್ತಿಯ ಗಂಟು ಬಿಚ್ಚುವ ಕೆಲಸ. ಹಳಬರಿಗೆ ನೆನಪಿದ್ದಾರೆ. ಮಾತು ಬಹಳ ಕಡಿಮೆ. ನಮ್ಮ ಪಾಳಿಗಳು ಬೇರೆ ಬೇರೆ. ಮುಂಜಾನೆಯ ಭೋಂಗಾ, ಅಂದರೆ ಗಿರಣಿಯ ಸೈರನ್, ಆದಾಗ ಅವರು ರಾತ್ರಿಪಾಳಿ ಮುಗಿಸಿ ಹೊರಗೆ ಬರುವರು, ನಾನು ಒಳಗೆ ಹೋಗುವವಳು. ಗೇಟಿನಲ್ಲಿ ಮನೆಯ ಕೀಲಿ ಕೈ ಬದಲಾಗುತ್ತಿತ್ತು. "ಪಲ್ಯ ಮುಚ್ಚಿಟ್ಟೇನಿ." "ಹೂಂ." ಅಷ್ಟೇ ಮಾತು. ಜನರ ಸಂಸಾರ ಮನೆಯಲ್ಲಿ ನಡೆದರೆ ನಮ್ಮದು ಈ ಗಿರಣಿಯ ಗೇಟಿನಲ್ಲಿ ನಡೆಯಿತು. ಇದು ದೂರಲ್ಲ. ಇಲ್ಲಿರುವ ಎಷ್ಟೋ ಜೋಡಿಗಳದು ಇದೇ ಕಥೆ.

ಸುದ್ದಿ ಬಂದ ಮರುದಿನ ಮುಂಜಾನೆ ಗೇಟಿನಲ್ಲಿ ನಾನು, "ಮಲಕವ್ವನ ಕುರಿ ಹೊಲದಾಗ ಅನಾಥ ಆಗಿ ನಿಂತಾವು," ಎಂದೆ. ಅವರು ಕೀಲಿ ತೆಗೆದುಕೊಳ್ಳಲಿಲ್ಲ. "ನನ್ನ ರಜಾ ಉಳದಾವ. ನಾ ಹೊಕ್ಕೀನಿ," ಎಂದರು.

"ನಿಮಗ ಕುರಿ ಕಾಯೂದು ಬರ್ತೈತೇನ್ರಿ?"

"ಬರೂದಿಲ್ಲ," ಎಂದು ಹೇಳಿ ಹೊರಟೇ ಹೋದರು.

ಬರುತ್ತಿರಲಿಲ್ಲ ಎನ್ನುವುದು ಮೊದಲ ದಿನವೇ ಊರಿಗೆಲ್ಲ ಗೊತ್ತಾಯಿತು. ಹಿಂಡು ಪಕ್ಕದವರ ಗೋವಿನಜೋಳಕ್ಕೆ ನುಗ್ಗಿತು. ಹೊಲದ ಒಡೆಯ ಬೀರದೇವ ಬಡಿಗೆ ಹಿಡಿದು ಬಂದ.

"ಯಾರವೋ ಕುರಿ?"

"ಗಿರಣಿಯವ್ರಿ," ಎಂದರಂತೆ ನಮ್ಮವರು.

"ಗಿರಣ್ಯಾಗ ಯಾವಾಗಿಂದ ಕುರಿ ಸಾಕಾಕತ್ತೀರೋ?"

ಪೂರ್ತಿ ಸಂಗತಿ ಕೇಳಿದ ಮೇಲೆ ಬೀರದೇವ ಬಡಿಗೆಯನ್ನು ಕೆಳಗೆ ಇಡಲಿಲ್ಲ, ನಮ್ಮವರ ಕೈಗೇ ಕೊಟ್ಟ. "ಹಿಂಗ ಅಡ್ಡ ಹಿಡೀರಿ, ಬಾಯಿಲೆ ಸಪ್ಪಳಾ ಮಾಡ್ರಿ," ಎಂದು ಕಲಿಸಿ, ಸಂಜೆಯವರೆಗೆ ಜೊತೆಗೇ ನಿಂತ.

ನಾನು ಪಾಳಿ ಮುಗಿಸಿ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದೆ. ಒಂದು ಸಂಜೆ ದೂರದಿಂದಲೇ ಹಾಡು ಕೇಳಿಸಿತು. ಮರಾಠಿ ಹಾಡು, ನಮ್ಮ ಬುದ್ಧ ವಿಹಾರದಲ್ಲಿ ಹುಣ್ಣಿಮೆಗೆ ಹಾಡುವಂಥದ್ದು. ಯಾರಪ್ಪ ಇಷ್ಟು ಚೆನ್ನಾಗಿ ಹಾಡುವವರು ಎಂದು ನೋಡಿದರೆ ನಮ್ಮ ಯಜಮಾನರು! ಕುರಿಗಳ ನಡುವೆ ಕಂಬಳಿ ಹೊದ್ದು ಕೂತು ಹಾಡುತ್ತಿದ್ದಾರೆ. ಹತ್ತಿರ ಹೋದೆ. ನನ್ನನ್ನು ನೋಡಿಯೂ ನಿಲ್ಲಿಸಲಿಲ್ಲ. ಮದುವೆಯಾಗಿ ಅಷ್ಟು ವರ್ಷಗಳ ಮೇಲೆ ನನ್ನ ಗಂಡನಿಗೆ ಹಾಡು ಬರುತ್ತದೆಂದು ನನಗೆ ಗೊತ್ತಾಯಿತು. "ಮನ್ಯಾಗ ಯಾಕ ಹಾಡೂದಿಲ್ರಿ?" ಎಂದೆ. "ಮನ್ಯಾಗ ನೀ ಇರೂದಿಲ್ಲ," ಎಂದರು.

ಇದನ್ನು ಯಾಕೆ ಹೇಳುತ್ತಿದ್ದೇನೆ? ನಿಧಿಗೂ ಇದಕ್ಕೂ ಸಂಬಂಧ ಇಲ್ಲ. ಬಿಡಿ.

ಅತ್ತ ಮಿರಜಿನಲ್ಲಿ ಮಲಕವ್ವ ಗಂಡನ ಮಂಚದ ಕೆಳಗೆ ಸೀರೆ ಸೆರಗು ಹಾಸಿ ಮಲಗುತ್ತಿದ್ದಳು. ಇಲ್ಲಿ ನಡೆದಿದ್ದು ಏನೂ ಆಕೆಗೆ ಗೊತ್ತಿಲ್ಲ. ಕೆಲಸ ಹೋಯಿತು, ಕುರಿ ಕಳುವಾದವು ಎಂದೇ ತಿಳಿದಿದ್ದಳು. ನಮ್ಮ ಸೂಟಿ ದಿನ ನಾನು ಮತ್ತು ಅಕ್ಕುತಾಯಿ ಬಸ್ಸು ಹತ್ತಿ ಹೋದೆವು. ನಾವು ಹೇಳಿದ್ದನ್ನು ಕೇಳಿ ಕೈಮುಗಿದಾಳು, ಕಣ್ಣೀರು ಹಾಕಿಯಾಳು ಎಂದುಕೊಂಡಿದ್ದೆ. ಏನು ಮಾಡಿದಳು ಗೊತ್ತೇ? ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಎದ್ದು ನಿಂತಳು.

"ನಾ ಏನ್ ಭಿಕ್ಷಾ ಬೇಡಿದ್ನೇನ ಬೇ? ಯಾರ ಹೇಳಿದ್ರು ನಿಮಗ? ನಾಳೆ ಊರಾಗ ಮಲಕವ್ವನ ಸಂಸಾರ ನಾವು ಸಾಕೇವಿ ಅಂತ ಹೇಳ್ಕೋತ ತಿರಗಾಕ ಬೇಕಾಗಿತ್ತೇನ?"

ನನಗೆ ಸಿಟ್ಟು ಬಂತು. ನಾನು ಚೀಲ ಎತ್ತಿಕೊಂಡೆ. ಅಕ್ಕುತಾಯಿ ಮಾತ್ರ ನೆಲದ ಮೇಲೆ ಆರಾಮಾಗಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಮಲಕವ್ವಾ, ನಿಮ್ಮ ತವರಮನಿಯವರು ಸುಗ್ಗ್ಯಾಗ ಮುಯ್ಯಾಳ ಹೋಗ್ತಿದ್ರೋ ಇಲ್ಲೋ?" ಎಂದಳು.

"ಹೋಗ್ತಿದ್ರು. ಅದಕ್ಕ?"

"ಇವತ್ತ ನೀ ನನ್ನ ಹೊಲಕ್ಕ ಬಾ, ನಾಳೆ ನಾ ನಿನ್ನ ಹೊಲಕ್ಕ ಬರ್ತೀನಿ. ಅದು ಭಿಕ್ಷಾ ಆಗ್ತೈತೇನು? ನನ್ನ ಸೊಸಿ ಬಸರ ಐತಿ. ಆಕಿ ಹಡಿಯೂ ಹೊತ್ತಿಗೆ ನೀ ನನ್ನ ಯಂತ್ರಕ್ಕ ನಿಂದರು. ಮುಯ್ಯಿ ತೀರ್ತು. ಸುಂದರಾ, ಚೀಲ ಕೆಳಗ ಇಡು. ರೊಟ್ಟಿ ಆರಾಕತ್ತಾವು."

ಹೊಲದವರಿಗೆ ಮುಯ್ಯಿ ಎಂದರೆ ಸಾಕು, ಬೇರೆ ವಿವರಣೆ ಬೇಡ. ಮಲಕವ್ವ ಕೂತಳು. ನಾನು ಗಂಟು ಬಿಚ್ಚಿದೆ. ನನ್ನ ಕೈಯ ರೊಟ್ಟಿ, ನನ್ನ ಮನೆಯ ಕಡಲೆಹಿಟ್ಟಿನ ಝುಣಕ. ಮುಂದೆ ಇಟ್ಟೆ, ತಿನ್ನು ಎಂದು ಹೇಳಲಿಲ್ಲ. ಆಕೆ ಮೊದಲು ಭೀಮಸಿಗೆ ತಿನ್ನಿಸಿದಳು. ಆಮೇಲೆ ತಾನು ಒಂದು ತುತ್ತು ಮುರಿದಳು. ಎರಡನೆಯ ತುತ್ತಿಗೆ ನನ್ನ ಕಡೆ ನೋಡಿ, "ಉಪ್ಪ ಕಡಿಮಿ ಆಗೇತಿ," ಎಂದಳು.

ಸಭಿಕರೇ, ನನಗೆ ಅನೇಕ ಸನ್ಮಾನಗಳು ಆಗಿವೆ. ಇಂದಿನ ಶಾಲು ಬಹಳ ಚೆನ್ನಾಗಿದೆ. ಆದರೆ ಉಪ್ಪು ಕಡಿಮೆ ಎಂದು ಮಲಕವ್ವ ನನ್ನನ್ನು ಬೈದದ್ದು ನನಗೆ ಎಲ್ಲಕ್ಕಿಂತ ದೊಡ್ಡದು. ಹೊರಗಿನವರಿಗೆ ಯಾರೂ ಉಪ್ಪಿನ ಮಾತು ಹೇಳುವುದಿಲ್ಲ.

ಭೀಮಸಿ ಎದ್ದು ನಡೆದ, ಕಾಲು ಮಾತ್ರ ಮಡಚದು. ಮಲಕವ್ವ ಕಾಯಂ ಆದಳು. ಅಕ್ಕುತಾಯಿಯ ಸೊಸೆ ಹಡೆದಾಗ ಮಾತು ಕೊಟ್ಟಂತೆ ನಿಂತಳು. ಅಷ್ಟಕ್ಕೇ ಮುಗಿಯಬಹುದಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ ಮಲಕವ್ವನೇ ಎತ್ತಿದಳು: "ಎಲ್ಲಾರಿಗೂ ಸುಂದರಾನಂಥಾ ಬಾಜೂದಾಕಿ ಸಿಗ್ತಾಳೇನ? ಸಿಗಲಾರದವರು ಏನ್ ಮಾಡಬೇಕು?" ಆ ಪ್ರಶ್ನೆಯೇ ನಮ್ಮ ನಿಧಿ. ಸೂಟಿ ಕೊಡುವವರು ಸೂಟಿ, ದುಡ್ಡು ಕೊಡುವವರು ದುಡ್ಡು, ಎಲ್ಲರದೂ ಒಂದೇ ಕಡೆ. ಮಲಕವ್ವ ಒಂದು ಕರಾರು ಹಾಕಿದಳು. ಕಷ್ಟದಲ್ಲಿ ಇರುವವರು ಬಂದು ಕೇಳುವ ಹಾಗೆ ಆಗಬಾರದು. ಪಕ್ಕದ ಯಂತ್ರದವರು ಬಂದು ಹೇಳಬೇಕು. "ಬಾಯಿ ಬಿಟ್ಟ ಕೇಳೂದು ಎಷ್ಟು ಕಷ್ಟ ಅಂತ ನನಗ ಗೊತ್ತೈತಿ," ಎಂದಳು. ಇಂದಿಗೂ ಅದೇ ನಡೆದಿದೆ. ದೂಧಗಂಗೆ ಉಕ್ಕಿ ಹೊಳೆಸಾಲಿನ ಮನೆಗಳು ಬಿದ್ದ ವರ್ಷ, ಕೊರೊನಾದಲ್ಲಿ ಭೋಂಗಾ ನಿಂತ ತಿಂಗಳುಗಳಲ್ಲಿ, ಯಾರೂ ಯಾರ ಬಾಗಿಲಿಗೂ ಕೈ ಚಾಚಲಿಲ್ಲ. ಪಕ್ಕದವರು ಹೇಳಿದರು, ಉಳಿದವರು ಹೋದರು.

ಇಲ್ಲಿಗೆ ನಿಲ್ಲಿಸಿದರೆ ನನ್ನ ಭಾಷಣ ಚೆಂದವಾಗಿ ಮುಗಿಯುತ್ತದೆ. ಆದರೆ ಇನ್ನೊಂದು ಸಂಗತಿ ಇದೆ, ಅದನ್ನು ಹೇಳದೆ ಈ ಗೇಟು ದಾಟಲಾರೆ.

ನಮ್ಮ ಯಜಮಾನರು ನಿವೃತ್ತರಾದ ಮರುವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರ್ತಿ ಬಿತ್ತು. ಮಾತು ಹೋಯಿತು. ಮೊದಲೇ ಕಡಿಮೆ ಮಾತು, ಅದೂ ಹೋಯಿತು. ಮಗನಿಗೆ ಅಥಣಿಯಲ್ಲಿ ನೌಕರಿ, ರವಿವಾರ ಬರುತ್ತಿದ್ದ. ದಿನವಿಡೀ ಒಬ್ಬರು ಹತ್ತಿರ ಇರಲೇಬೇಕು. ನಾನು ನೌಕರಿ ಬಿಡುವುದೆಂದು ನಿಶ್ಚಯ ಮಾಡಿ ರಾಜೀನಾಮೆ ಬರೆದೆ.

ನನ್ನ ಪಕ್ಕದ ಯಂತ್ರದ ಸರಿತಾ ನಿಧಿಗೆ ಹೇಳಿದ್ದಾಳೆ. ಕಮಿಟಿಯವರು ಮನೆಗೆ ಬಂದರು. ನಾನು ಬಾಗಿಲಲ್ಲೇ ನಿಲ್ಲಿಸಿದೆ. "ನಮ್ಮದು ನಾವು ನೋಡ್ಕೋತೀವಿ. ಬ್ಯಾರೆಯವರಿಗೆ ಕೊಡ್ರಿ," ಎಂದೆ. ನಿಧಿಯ ಅಧ್ಯಕ್ಷೆ ನಾನು. ಎಷ್ಟೋ ಮನೆಗಳಿಗೆ ಹೋಗಿ, ತೆಗೆದುಕೊಳ್ಳಲು ನಾಚಬೇಡಿ ಎಂದು ಉಪದೇಶ ಮಾಡಿದವಳು. ನನ್ನ ಬಾಗಿಲಿಗೆ ಬಂದಾಗ ನನ್ನ ಕೈ ಬಾಗಿಲ ಚೌಕಟ್ಟು ಬಿಡಲಿಲ್ಲ.

ಮರುದಿನ ಮಲಕವ್ವ ಬಂದಳು. ಆಗಲೇ ಆಕೆಯೂ ನಿವೃತ್ತಳು. ಬಾಗಿಲಲ್ಲಿ ನಿಲ್ಲಿಸಲು ನೋಡಿದೆ. ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದು, ಯಜಮಾನರ ಹಾಸಿಗೆ ಹತ್ತಿರ ಕೂತಳು.

"ಮಿರಜಿನ್ಯಾಗ ನಾ ನಿಮ್ಮ ರೊಟ್ಟಿ ತಿಂದ್ನೆಲ್ಲ," ಎಂದಳು, "ನನಗೇನ್ ಸಕ್ರಿ ತಿಂದಂಗ ಆಗಿತ್ತಂತ ತಿಳದೀಯೇನ ಸುಂದರಾ? ಮುಳ್ಳ ನುಂಗಿದಂಗ ಆಗಿತ್ತು. ನುಂಗಿದೆ. ಈಗ ನಿನ್ನ ಸರತಿ. ನುಂಗು."

ನಾನು ಅತ್ತೆ. ಗಂಡನಿಗೆ ಲಕ್ವಾ ಹೊಡೆದ ದಿನ ಅಳದವಳು ಅಂದು ಅತ್ತೆ. ಆಕೆ ಸಮಾಧಾನ ಮಾಡಲಿಲ್ಲ. ಕಟ್ಟೆಯ ಮೇಲಿನ ಕೊಡದಲ್ಲಿ ತಂಬಿಗೆ ಅದ್ದಿ ನೀರು ಕುಡಿದು, ಇನ್ನೊಂದು ತಂಬಿಗೆ ನನಗೆ ಕೊಟ್ಟಳು.

ರಾಜೀನಾಮೆ ಹರಿದೆ. ಅಂದಿನಿಂದ ನನ್ನ ಪಾಳಿಯ ಹೊತ್ತಿಗೆ ಯಾರಾದರೊಬ್ಬರು ನಮ್ಮ ಮನೆಯಲ್ಲಿ ಇರುತ್ತಿದ್ದರು. ಬ್ಲೋ ರೂಮಿನ ಮಾಳು ಬಂದು ಅವರಿಗೆ ಸ್ನಾನ ಮಾಡಿಸುತ್ತಿದ್ದ, ಗಡ್ಡ ಹೆರೆಯುತ್ತಿದ್ದ. ಔಷಧಿಗೆ ನಿಧಿ ಇತ್ತು. ನಾನು ಯಂತ್ರದ ಮುಂದೆ ನಿಂತು ಎಳೆ ಕೂಡಿಸುತ್ತಿದ್ದೆ, ಮನೆಯಲ್ಲಿ ಯಾರಿದ್ದಾರೋ ಎಂಬ ಅಂಜಿಕೆ ಇಲ್ಲದೆ.

ಒಂದು ಸಂಜೆ ಪಾಳಿ ಮುಗಿಸಿ ಓಣಿಗೆ ತಿರುಗಿದರೆ, ಓಣಿ ತುಂಬ ಕುರಿ. ಕಾಲಿಡಲು ಜಾಗ ಇಲ್ಲ. ಏನಾಯಿತೋ ಎಂದು ಸರಿಸಿಕೊಂಡು ಹೋದೆ. ಭೀಮಸಿ ನೆಟ್ಟಗಿನ ಕಾಲನ್ನು ಮುಂದೆ ಚಾಚಿ ನಮ್ಮ ಕಟ್ಟೆಯ ಮೇಲೆ ಕೂತಿದ್ದ. ಯಜಮಾನರನ್ನು ಹಾಸಿಗೆ ಸಮೇತ ಹೊರಗೆ ತಂದು ಮಲಗಿಸಿದ್ದರು. ಅವರ ಎಡಗೈ ಒಂದು ಮರಿಯ ಕುತ್ತಿಗೆಯ ಮೇಲಿತ್ತು.

"ಸಾಹೇಬ್ರು ಒಂದ ತಿಂಗಳ ಕಾದ ಹಿಂಡ ಐತಿ. ತೋರಸಾಕ ಕರಕೊಂಡ ಬಂದೆ," ಎಂದ ಭೀಮಸಿ.

ಬ್ಲೋ ರೂಮಿನ ಮನುಷ್ಯನನ್ನು ಸಾಹೇಬ ಎಂದವನು ಭೀಮಸಿ ಒಬ್ಬನೇ. ನಾನು ಸೆರಗಿನಿಂದ ಯಜಮಾನರ ಮುಖ ಒರೆಸಲು ಬಾಗಿದೆ. ಆಗ ಕೇಳಿಸಿತು. ಮಾತು ಬಾರದ ಬಾಯಲ್ಲಿ ಹಾಡು ಬರುತ್ತಿತ್ತು. ಪದ ಇಲ್ಲ, ಬರೀ ಧಾಟಿ. ಸೊಟ್ಟ ಬಾಯಿಯ ಒಂದು ಮೂಲೆಯಿಂದ ಮೆಲ್ಲಗೆ ಬರುತ್ತಿತ್ತು. ಆ ಹೊಲದ ಸಂಜೆಯ ಹಾಡು. ನನ್ನನ್ನು ನೋಡಿಯೂ ನಿಲ್ಲಿಸಲಿಲ್ಲ.

ಆಮೇಲೆ ಅವರು ಬಹಳ ದಿನ ಇರಲಿಲ್ಲ. ಮಳೆಗಾಲಕ್ಕೆ ಮೊದಲೇ ಹೋದರು. ಆ ಕೊನೆಯ ದಿನಗಳಲ್ಲಿ ನಮ್ಮ ಮನೆ ಒಮ್ಮೆಯೂ ಬಣಬಣ ಅನ್ನಲಿಲ್ಲ. ಅದನ್ನು ಕೊಟ್ಟವರು ನೀವು. ಇಂದು ಎಲ್ಲರೆದುರು ಹೇಳುತ್ತೇನೆ: ನಾನು ತೆಗೆದುಕೊಂಡಿದ್ದೇನೆ.

ಇನ್ನು ಮುಗಿಸುತ್ತೇನೆ. ನಾಳೆಯಿಂದ ನನ್ನ ಹೆಸರು ಹಾಜರಿಯಲ್ಲಿ ಇರುವುದಿಲ್ಲ. ಹಾಜರಿಯಲ್ಲಿ ಇಲ್ಲದವರಿಂದ ನಿಧಿಗೆ ದುಡ್ಡು ತೆಗೆದುಕೊಳ್ಳಬಾರದು ಎಂಬ ನಿಯಮ ಇದೆ. ನಿನ್ನೆ ಹೊಸ ಅಧ್ಯಕ್ಷೆ ಸರಿತಾಳನ್ನು ಕೇಳಿ ನೋಡಿದೆ. "ಆಗೂದಿಲ್ರಿ ಅಕ್ಕಾ. ನಿಯಮ ನೀವಽ ಮಾಡಿದ್ದು," ಎಂದಳು. ಸರಿಯಾಗಿಯೇ ಹೇಳಿದಳು.

ಆದರೆ ಸರಿತಾ, ದುಡ್ಡು ಬೇಡ ಎಂದಿದೆ. ದಿನ ಬೇಡ ಎಂದು ಎಲ್ಲೂ ಇಲ್ಲ.

ಬೆಳಿಗ್ಗೆ ಎದ್ದರೆ ನನಗೆ ಹೋಗುವ ಜಾಗವಿಲ್ಲ. ಕೀಲಿ ಕೊಡಲು ಗೇಟಿನಲ್ಲಿ ಯಾರೂ ನಿಂತಿರುವುದಿಲ್ಲ. ಆದ್ದರಿಂದ ಕೇಳಿಕೊಳ್ಳುತ್ತೇನೆ, ಇದು ಉಪಕಾರ ಎಂದು ತಿಳಿಯಬೇಡಿ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಕೂಸು ಹುಟ್ಟಿದರೆ, ಯಾರನ್ನಾದರೂ ದವಾಖಾನೆಯಲ್ಲಿ ಮಲಗಿಸಿದರೆ, ಹಿರಿಯರ ಹತ್ತಿರ ಒಬ್ಬರು ಕೂರಬೇಕಾದರೆ, ನಿಪ್ಪಾಣಿ ಇರಲಿ, ರಾಯಬಾಗ ಇರಲಿ, ಕಾಗವಾಡ ಇರಲಿ, ಬಸ್ಸು ಹೋಗುವಲ್ಲಿಗೆ ನಾನು ಬರುತ್ತೇನೆ. ಅಕ್ಕೋಳದ ವಿಹಾರದ ಹಿಂದಿನ ಓಣಿ. ಯಾರನ್ನು ಕೇಳಿದರೂ ತೋರಿಸುತ್ತಾರೆ. ಇಷ್ಟು ವರ್ಷ ನನ್ನದು ಒಂದೇ ಪಾಳಿ ಇತ್ತು. ನಾಳೆಯಿಂದ ಮೂರೂ ಪಾಳಿ ನನ್ನವೇ. ನನ್ನನ್ನು ಸುಮ್ಮನೆ ಕೂರಿಸಬೇಡಿ.

ಇಷ್ಟು ಹೊತ್ತು ಈ ದೊಡ್ಡ ದನಿಯನ್ನು ಸಹಿಸಿಕೊಂಡ ಅಧ್ಯಕ್ಷರಿಗೆ, ಅತಿಥಿಗಳಿಗೆ, ಶೀತಲ್ ಸಾಹೇಬರ ಕನ್ನಡಕಕ್ಕೆ, ಮತ್ತು ನನ್ನ ಗಿರಣಿಯ ಎಲ್ಲರಿಗೂ ಋಣಿ. ಜೈ ಭೀಮ್. ನಮಸ್ಕಾರ.